ರೇಡಿಯೋದಲ್ಲಿ ಹಾಡಿದ ಆ ಹೆಂಗಸು

ಅಮ್ಮಿನಬಾವಿಯಲ್ಲಿ ಚನ್ನಬಸವ್ವನಷ್ಟು ರೇಡಿಯೋ ಕೇಳಿದವರು ಇನ್ನೊಬ್ಬರಿಲ್ಲ. ಇದನ್ನು ಊರವರೇ ಒಪ್ಪುತ್ತಾರೆ. ಹತ್ತಿ ದರ ಬಂದರೂ ಕೇಳುತ್ತಾಳೆ, ಸಂಸ್ಕೃತ ವಾರ್ತೆ ಬಂದರೂ ಕೇಳುತ್ತಾಳೆ, ಅರ್ಥವಾಗದ ಭಾಷೆಯ ನಾಟಕ ಬಂದರೂ ಬಂದ್ ಮಾಡುವುದಿಲ್ಲ. ಗಂಡಸರು ಮಾತಾಡುವಷ್ಟು ಹೊತ್ತು ತನ್ನ ಪಾಡಿಗೆ ರೊಟ್ಟಿ ಬಡಿಯುತ್ತಿರುತ್ತಾಳೆ. ಹೆಂಗಸಿನ ದನಿ ಬಂತೋ, ಕೈ ನಿಲ್ಲುತ್ತದೆ. ಹಿಟ್ಟಿನ ಕೈಯಲ್ಲೇ ಹತ್ತಿರ ಸರಿದು, ಕತ್ತು ಓರೆ ಮಾಡಿ ಕಿವಿ ಕೊಡುತ್ತಾಳೆ. ಆಮೇಲೆ, "ಅಕಿ ಅಲ್ಲ ಬಿಡು" ಎಂದು ಮತ್ತೆ ಒಲೆಯ ಮುಂದೆ ಕೂಡುತ್ತಾಳೆ.

ಆ 'ಅಕಿ' ಯಾರು ಎಂದು ಹೊಸಬರು ಕೇಳಿದರೆ ಗಂಡ ಶಾಂತಯ್ಯ ಕೈ ಮುಗಿದುಬಿಡುತ್ತಾನೆ. "ಅದನ್ನಷ್ಟು ಕೇಳಬ್ಯಾಡ್ರಿ. ಅಕಿ ಸಿಗೂದಿಲ್ಲ, ಇಕಿ ಬಿಡೂದಿಲ್ಲ. ನಾ ಈ ಮನ್ಯಾಗ ಇಬ್ಬರ ಹೆಂಡರ ಜೋಡಿ ಬಾಳೇ ಮಾಡೇನಿ, ಒಬ್ಬಾಕಿ ಮಾರಿ ಇನ್ನೂ ನೋಡಿಲ್ಲ" ಎನ್ನುತ್ತಾನೆ.

ಅದು ಬೀಸುಕಲ್ಲಿನಿಂದ ಶುರುವಾದ ಕಥೆ. ಚನ್ನಬಸವ್ವ ಬೈಲಹೊಂಗಲದ ಕಡೆಯಿಂದ ಸೊಸೆಯಾಗಿ ಬಂದಾಗ ಊರಲ್ಲಿ ಹಿಟ್ಟಿನ ಗಿರಣಿ ಆಗಲೇ ಬಂದಿತ್ತು. ಆದರೆ ಅತ್ತೆಗೆ ಗಿರಣಿ ಹಿಟ್ಟು ಸುಟ್ಟ ವಾಸನೆ ಹೊಡೆಯುತ್ತಿತ್ತು. ಹೀಗಾಗಿ ನಸುಕಿನಲ್ಲೆದ್ದು ಜೋಳ ಬೀಸುವುದು ಹೊಸ ಸೊಸೆಯ ಪಾಲಿಗೆ ಬಂತು. ಒಬ್ಬಳೇ ತಿರುಗಿಸುವ ಕಲ್ಲಲ್ಲ ಅದು, ದೊಡ್ಡದು. ಎದುರಿಗೆ ಕೂಡಲು ನೆರೆಮನೆಯ ಮಕ್ತುಮಬಿ ಬರುತ್ತಿದ್ದಳು. ಅವರ ಮನೆಯಲ್ಲಿ ಕಲ್ಲಿರಲಿಲ್ಲ, ತಮ್ಮ ಜೋಳವನ್ನೂ ಇಲ್ಲೇ ಬೀಸಿಕೊಂಡು ಹೋಗುತ್ತಿದ್ದರು. ಇಬ್ಬರೂ ಒಂದೇ ವಯಸ್ಸಿನವರು. ಒಂದೇ ಗೂಟಕ್ಕೆ ಇಬ್ಬರ ಕೈ. ಚನ್ನಿ ಪದ ಎತ್ತಿದರೆ ಮಕ್ತುಮಿ ಅದನ್ನು ಹಿಡಿದು ಮುಂದಕ್ಕೆ ಒಯ್ಯುತ್ತಿದ್ದಳು. ಗುರುತಿನವರೇ ಇಲ್ಲದ ಆ ಊರಲ್ಲಿ ಚನ್ನಿಗೆ ಮನಸ್ಸು ಬಿಚ್ಚಿ ಮಾತಾಡಲು ಇದ್ದವಳು ಅವಳೊಬ್ಬಳೇ.

ಇಬ್ಬರ ಹಾಡಿನ ಸುದ್ದಿ ಪಂಚಾಯ್ತಿಯವರ ಬಾಯಿಂದ ಧಾರವಾಡ ಆಕಾಶವಾಣಿಯವರೆಗೆ ಹೋಯಿತು. ಬಂದು ಹಾಡಬೇಕು ಎಂದು ಕರೆ ಬಂತು. ಅತ್ತೆ ಮೊದಲು ಮುಖ ಗಂಟು ಹಾಕಿದಳು. "ಸೊಸಿ ದನಿ ಊರಮಂದಿ ಎಲ್ಲಾ ಕೇಳೂದಂದ್ರ ಏನವ್ವಾ?" ಎಂದಳು. "ನಮ್ಮ ಮನಿ ಹೆಸರು ರೇಡಿಯೋದಾಗ ಬರತೈತಿ" ಎಂದು ಶಾಂತಯ್ಯ ಹೇಳಿದ ಮೇಲೆ ಅದೇ ಅತ್ತೆ ತನ್ನ ಇಲಕಲ್ಲ ಸೀರೆಯನ್ನೇ ತೆಗೆದು ಸೊಸೆಗೆ ಉಡಿಸಿದಳು.

ಆ ಕೋಣೆಯನ್ನು ಚನ್ನಬಸವ್ವ ಇಂದಿಗೂ ಮರೆತಿಲ್ಲ. ಗೋಡೆಗೆಲ್ಲ ತೂತು ತೂತಿನ ಹಲಗೆ, ಕಾಲಡಿ ಮೆತ್ತನೆಯ ಜಮಖಾನೆ. ಬಾಗಿಲು ಹಾಕಿದರೆ ಹೊರಗಿನ ಕಾಗೆ ಕೂಗಿದ್ದೂ ಕೇಳುತ್ತಿರಲಿಲ್ಲ. "ಹಾಡ್ರೆವಾ" ಎಂದು ಸಾಹೇಬರು ಹೇಳಿದರು. ಇಬ್ಬರೂ ಬಾಯಿ ತೆರೆದರು. ಪದ ಬರಲೇ ಇಲ್ಲ! ಕೊನೆಗೆ ಮಕ್ತುಮಿಯೇ ಧೈರ್ಯ ಮಾಡಿ, "ಕಲ್ಲ ಇಲ್ಲದ ಹೆಂಗ್ ಹಾಡೂದ್ರಿ ಸಾಹೇಬ್ರ? ಕೈ ತಿರಗಿದ್ರ ಬಾಯಿ ತಿರಗತೈತಿ" ಎಂದಳು. ಧಾರವಾಡದ ಪೇಟೆಯಲ್ಲಿ ಆ ಹೊತ್ತಿಗೆ ಬೀಸುಕಲ್ಲು ಎಲ್ಲಿಂದ ತರಬೇಕು? ಇಬ್ಬರೂ ಎದುರುಬದುರು ಕೂತು, ಒಬ್ಬರ ಕೈ ಒಬ್ಬರು ಹಿಡಿದು, ಗಾಳಿಯಲ್ಲೇ ಕಲ್ಲು ತಿರುಗಿಸಿದರು. ಹಾಡು ತಾನಾಗಿ ಬಂತು. ಹಾಡಿದ್ದನ್ನು ತಿರುಗಿ ಕೇಳಿ ಹೋಗಿರಿ ಎಂದು ಅಲ್ಲಿಯವರು ಹೇಳಿದ್ದರು, ಆದರೆ ಬಸ್ಸು ತಪ್ಪುತ್ತದೆಂದು ಇವರೇ ಓಡಿ ಬಂದರು. ಆ ಬಸ್ಸು ತಪ್ಪಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಆ ಕಾಲದಲ್ಲಿ ಊರಿಗೆಲ್ಲ ಸೇರಿ ಇದ್ದದ್ದು ಪಂಚಾಯ್ತಿಯ ರೇಡಿಯೋ. ಸಂಜೆಯಾದರೆ ಅದರ ದನಿ ಮಾಳಿಗೆಯ ಮೇಲಿನ ಧ್ವನಿವರ್ಧಕದ ಕರ್ಣೆಯಿಂದ ಊರೆಲ್ಲ ಹರಡುತ್ತಿತ್ತು. ಗಂಡಸರು ಕಟ್ಟೆಯ ಮೇಲೆ, ಹೆಂಗಸರು ತಮ್ಮ ತಮ್ಮ ಅಂಗಳದಲ್ಲಿ. ಇವರ ಹಾಡು ಬರುವ ದಿನ ಮಕ್ತುಮಿ ಊರಲ್ಲಿರಲಿಲ್ಲ, ಲಗ್ನದ ಮಾತುಕತೆಗೆಂದು ಹುಬ್ಬಳ್ಳಿಯ ಚಿಕ್ಕಮ್ಮನ ಮನೆಗೆ ಹೋಗಿದ್ದಳು. ಚನ್ನಿ ಅಂಗಳದಲ್ಲಿ ನಿಂತಿದ್ದಳು. "ಅಮ್ಮಿನಬಾವಿಯ ಚನ್ನಬಸವ್ವ ಹಾಗೂ ಮಕ್ತುಮಬಿ" ಎಂದು ಹೆಸರು ಕೇಳಿದಾಗ ಮೈ ಜುಮ್ಮೆಂದಿತು. ಹಾಡು ಶುರುವಾಯಿತು.

ಮಕ್ತುಮಿಯ ದನಿ ಅಚ್ಚುಕಟ್ಟಾಗಿ ಬಂತು, ಪಕ್ಕದಲ್ಲೇ ಕೂತು ಹಾಡಿದಂತೆ. ಆದರೆ ಅವಳ ಜೊತೆ ಹಾಡುತ್ತಿರುವವಳು ಯಾರು? ತೆಳ್ಳಗಿನ ದನಿ, ಅದೂ ಮೂಗಿನಲ್ಲಿ. ಚನ್ನಿಗೆ ತನ್ನ ದನಿ ಗೊತ್ತಿಲ್ಲವೇ? ಹುಟ್ಟಿದಾಗಿನಿಂದ ಕೇಳುತ್ತಿದ್ದಾಳೆ. ದಪ್ಪ, ತುಂಬಿದ ದನಿ ಅದು. ಇದು ಬೇರೆ ಯಾವಳೋ! ನೆರೆಯವರು ಬಂದು, "ಎಷ್ಟ ಛಲೋ ಹಾಡೀದೆವಾ" ಎಂದರೆ ಅವಳಿಗೆ ಉರಿದುಹೋಯಿತು. "ನನ್ನ ಹೆಸರು ಹೇಳಿದ್ರು, ಅದಕ್ಕ ನೀವು ನಂದ ಅಂತೀರಿ" ಎಂದು ಒಳಗೆ ಹೋದಳು.

ರಾತ್ರಿಯೆಲ್ಲ ಲೆಕ್ಕ ಹಾಕಿದಳು. ಮಕ್ತುಮಿ ಹುಬ್ಬಳ್ಳಿಗೆ ಹೋದಳು. ಹುಬ್ಬಳ್ಳಿಯ ಬಸ್ಸು ಧಾರವಾಡದ ಮೇಲೇ ಹೋಗಬೇಕಲ್ಲ! ನಡುವೆ ಇಳಿದಿದ್ದಾಳೆ, ಚಿಕ್ಕಮ್ಮನ ಮಗಳನ್ನೋ ಯಾರನ್ನೋ ಎದುರಿಗೆ ಕೂಡಿಸಿಕೊಂಡು ಮತ್ತೊಮ್ಮೆ ಹಾಡಿದ್ದಾಳೆ. ಚನ್ನಿಯ ದನಿ ಅಲ್ಲಿಯವರಿಗೆ ಹಿಡಿಸಿರಲಿಕ್ಕಿಲ್ಲ. ಅದನ್ನು ಮುಖಕ್ಕೆ ಹೇಳುವ ಬದಲು ಹೀಗೆ ಮಾಡಿದ್ದಾಳೆ. ಬೆಳಗಾಗುವಷ್ಟರಲ್ಲಿ ಲೆಕ್ಕ ಪಕ್ಕಾ ಆಗಿತ್ತು.

ಮಕ್ತುಮಿ ಊರಿಗೆ ಬಂದ ದಿನ ಬಾವಿಯ ಹತ್ತಿರ ಸಿಕ್ಕಳು. ಅವಳ ಮುಖವೂ ಬಿಗಿದಿತ್ತು.

"ನನ್ನ ಬಿಟ್ಟು ಯಾರನ್ನ ಕೂಡಸ್ಕೊಂಡು ಹಾಡೀದಿ?" ಎಂದು ಚನ್ನಿ ಕೇಳಿದಳು.

ಮಕ್ತುಮಿ ಕೊಡವನ್ನು ಕೆಳಗಿಟ್ಟಳು. "ಏನಂದಿ? ಇದನ್ನ ನಾ ನಿನಗ ಕೇಳಬೇಕು. ನೀ ನನಗ ಕೇಳಾಕತ್ತೀಯೇನು?"

ಮಾಡುವುದೆಲ್ಲ ಮಾಡಿ ತಿರುಗಿ ನನ್ನ ಮೇಲೇ ಹಾಕುತ್ತಾಳಲ್ಲ ಎಂದು ಚನ್ನಿ ಖಾಲಿ ಕೊಡ ಎತ್ತಿಕೊಂಡು ಮನೆಗೆ ತಿರುಗಿದಳು. ಅಂದಿನಿಂದ ಇಬ್ಬರ ಮಾತು ನಿಂತಿತು. ಎರಡು ತಿಂಗಳಲ್ಲಿ ಅವಳ ಲಗ್ನ ಹುಬ್ಬಳ್ಳಿಯ ದರ್ಜಿ ಖಾಜಾಸಾಬನ ಜೊತೆ ಆಯಿತು. ಅವಳ ತಾಯಿ ಬಂದು ಕರೆದು ಹೋದರೂ ಚನ್ನಿ ತಲೆನೋವೆಂದು ಮಲಗಿದಳು. ಲಗ್ನಕ್ಕೆ ಹೋಗಿ ಬಂದ ಅತ್ತೆ, "ಹುಡುಗಿ ಎಲ್ಲಾರನೂ ಬಿಟ್ಟು ನಿನ್ನ ಕೇಳಾಕತ್ತಿತ್ತಲ್ಲ" ಎಂದಳು. ಚನ್ನಿ ಗೋಡೆಯ ಕಡೆ ಹೊರಳಿದಳು. ಆಮೇಲೆ ಆ ಮನೆಯಲ್ಲಿ ಬೀಸುವ ಪದ ಕೇಳಲಿಲ್ಲ. ಕಲ್ಲು ಹಿತ್ತಲು ಸೇರಿತು, ಅತ್ತೆ ಸುಟ್ಟ ವಾಸನೆಯ ಹಿಟ್ಟನ್ನೇ ಉಂಡಳು.

ಸಿಟ್ಟು ಬರಬರುತ್ತಾ ಆರಿತು. ಆದರೆ ಆ ಹೆಂಗಸು ಯಾರು ಎಂಬ ಕುತೂಹಲ ಮಾತ್ರ ಬೆಳೆಯುತ್ತಲೇ ಹೋಯಿತು. ಶಾಂತಯ್ಯ ಅಂಚೆ ಕಚೇರಿಯಲ್ಲಿ ಲೈಸೆನ್ಸು ಮಾಡಿಸಿ, ಚರ್ಮದ ಚೀಲದ ಟ್ರಾನ್ಸಿಸ್ಟರ್ ತಂದಾಗ ಅದನ್ನು ಹೊಲಕ್ಕೂ ಕೊಟ್ಟಿಗೆಗೂ ಹೊತ್ತು ತಿರುಗಿದವಳು ಚನ್ನಬಸವ್ವನೇ. ಜನಪದ ಗೀತೆ, ಮಹಿಳೆಯರ ಕಾರ್ಯಕ್ರಮ, ಮಕ್ಕಳ ಪದ, ಯಾವುದನ್ನೂ ಬಿಡಲಿಲ್ಲ. ಅಷ್ಟು ಚೆನ್ನಾಗಿ ತನ್ನ ಜಾಗ ಕಸಿದವಳು ಒಂದೇ ಸಲ ಹಾಡಿ ಸುಮ್ಮನಿದ್ದಾಳೆಯೇ? ಎಂದಾದರೂ ಮತ್ತೆ ಬಂದೇ ಬರುತ್ತಾಳೆ. ಕ್ಯಾಸೆಟ್ಟಿನ ಕಾಲ ಬಂದಾಗ ಊರ ಹುಡುಗರ ಕೈಯಿಂದ ಹಂತಿ ಪದ, ಸೋಬಾನೆ ಪದದ ಕ್ಯಾಸೆಟ್ಟುಗಳನ್ನು ಎರವಲು ತರಿಸಿ ಕೇಳಿದಳು. ಗೌಡರ ಮನೆಗೆ ಟಿ.ವಿ. ಬಂದಾಗ ಊರೆಲ್ಲ ಚಿತ್ರ ನೋಡುತ್ತಿದ್ದರೆ ಇವಳು ಕಣ್ಣು ಮುಚ್ಚಿ ಕೂಡುತ್ತಿದ್ದಳು. "ಚನ್ನಬಸವ್ವಗ ಟಿ.ವ್ಯಾಗೂ ನಿದ್ದಿ ಬರತೈತಿ" ಎಂದು ಜನ ನಕ್ಕರು. ನಿದ್ದೆಯೆಲ್ಲಿ ಬಂತು? ಅವಳು ಹುಡುಕುತ್ತಿದ್ದಳು.

ಮೊಬೈಲು ಬಂದ ಮೇಲೆ ಗುಟ್ಟು ಬಯಲಾಗಬೇಕಿತ್ತು, ನಿಜ. ಮೊಮ್ಮಗನ ಹೆಸರಿಡುವ ದಿನ ಯಾರೋ ತೆಗೆದ ವಿಡಿಯೋದಲ್ಲಿ ಅವಳೂ ಎರಡು ಮಾತಾಡಿದ್ದಳು. ಗದ್ದಲದ ನಡುವೆ ಅದನ್ನು ಕೇಳಿ, "ಈ ಫೋನ್ ಹಲ್ಕಾ ಐತಿ, ನನ್ನ ದನಿ ಕೆಡಿಸೇತಿ" ಎಂದು ಎದ್ದು ಹೋಗಿದ್ದಳು. ಹಾಡಂತೂ ಅವಳ ಬಾಯಿಂದ ಬಾರದೇ ಎಷ್ಟೋ ವರ್ಷವಾಗಿತ್ತು.

ಗುಟ್ಟು ಬಯಲಾದದ್ದು ಈಗ, ಮೊನ್ನೆ ಮೊನ್ನೆ. ಮಗಳ ಮಗಳು ಐಶ್ವರ್ಯಾ ಧಾರವಾಡದ ಸಪ್ತಾಪುರದಲ್ಲಿ ಬಾಡಿಗೆ ಕೋಣೆ ಹಿಡಿದು ಯುನಿವರ್ಸಿಟಿಯಲ್ಲಿ ಪತ್ರಿಕೋದ್ಯಮ ಓದುತ್ತಾಳೆ. ಭಾನುವಾರ ಅಜ್ಜಿಯ ಕೈರೊಟ್ಟಿಗೆ ಹಾಜರು. ಅಜ್ಜಿಯನ್ನು ಆಕೆ ಕರೆಯುವುದು ಆಯಿ ಎಂದು. ಹಿಂದಿನ ಜನ ರೇಡಿಯೋ ಹೇಗೆ ಕೇಳುತ್ತಿದ್ದರು ಎಂದು ಅವಳು ಬರೆದುಕೊಡಬೇಕಿತ್ತು. ಊರೆಲ್ಲ ಯಾಕೆ ಸುತ್ತಬೇಕು, ಮನೆಯಲ್ಲೇ ಇದ್ದಾಳಲ್ಲ ಎಂದು ಫೋನನ್ನು ಅಜ್ಜಿಯ ಮುಂದಿಟ್ಟಳು. ಚನ್ನಬಸವ್ವ ಕರ್ಣೆಯಿಂದ ಶುರು ಮಾಡಿ, ಆ ಕೋಣೆ, ಆ ಜಮಖಾನೆ, ಆ ಹೆಂಗಸು, ಎಲ್ಲವನ್ನೂ ಹೇಳಿದಳು. ಹೇಳುವ ಭರದಲ್ಲಿ ಅಂದು ಹಾಡಿದ ಪದವನ್ನೂ ಸ್ವಲ್ಪ ಎತ್ತಿದಳು. ಸರಿಯಾಗಿ ಬಂದಿದೆಯೋ ಇಲ್ಲವೋ ನೋಡಲು ಐಶ್ವರ್ಯಾ ಆ ಪದದ ಭಾಗವನ್ನೇ ತಿರುಗಿ ಹಚ್ಚಿದಳು.

ಚನ್ನಬಸವ್ವ ಕೂತಲ್ಲಿಂದ ಎದ್ದೇಬಿಟ್ಟಳು.

"ಅಕೀನ! ಏ ಯವ್ವಾ, ಇಕಿನ್ನ ಎಲ್ಲಿ ಹಿಡದಿ?"

"ಯಾರನ್ನ ಆಯಿ?"

"ರೇಡಿಯೋದಾಕಿನ್ನ! ಅದ ಹೆಂಗಸು! ಅಕಿನೂ ಮುದುಕಿ ಆಗ್ಯಾಳ ನೋಡು, ದನಿ ಒಡದೈತಿ. ಆದ್ರ ಮೂಗಿನ್ಯಾಗ ಹಾಡೂದನ್ನ ಬಿಟ್ಟಿಲ್ಲ!"

ಐಶ್ವರ್ಯಾ ನಗಬೇಕೋ ಬೇಡವೋ ತಿಳಿಯದೆ ಅಜ್ಜಿಯ ಮುಖ ನೋಡಿದಳು. "ಆಯಿ, ಇದು ನೀನ. ಈಗ ಹಾಡಿದ್ಯಲ್ಲ, ಅದ ಇದು."

"ಪದಾ ನಂದ ಹೌದು. ದನಿ ಅಕೀದು."

"ಖರೇನ ನೀನ ಆಯಿ. ನಮ್ಮ ದನಿ ನಮಗ ಹೊರಗಿಂದಷ್ಟ ಕೇಳೂದಿಲ್ಲ. ತಲಿ ಎಲುಬಿನ ಒಳಗಿಂದನೂ ಕೇಳತೈತಿ. ಅದಕ್ಕ ನಮಗ ದಪ್ಪ ಅನಸ್ತೈತಿ. ಫೋನಿಗೆ, ರೇಡಿಯೋಕ್ಕ ನಿನ್ನ ಎಲುಬು ಎಲ್ಲಿ ಐತಿ? ಮಂದಿಗೆ ಕೇಳೂದಷ್ಟ ಅದಕ್ಕ ಕೇಳತೈತಿ. ಬೇಕಾದ್ರ ಎರಡೂ ಕಿವಿಯಾಗ ಬಟ್ಟ ಇಟ್ಕೊಂಡು ಗುನುಗು."

ಚನ್ನಬಸವ್ವ ಬೆರಳಿಟ್ಟುಕೊಂಡು ಗುನುಗಿದಳು. ಕಿವಿ ಮುಚ್ಚಿದರೂ ದನಿ ತಲೆಯೊಳಗೆ ಇನ್ನೂ ಜೋರಾಗಿ ಗುಂಯ್ ಎಂದಿತು. ಬೆರಳು ತೆಗೆದಳು, ಮತ್ತೆ ಇಟ್ಟಳು. ಅವಳ ಕಣ್ಣು ದೊಡ್ಡದಾಯಿತು. ಇಷ್ಟಕ್ಕೆ ನಂಬುವವಳೇ ಅವಳು? ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕುತ್ತಿದ್ದ ಗಂಡನನ್ನು ಕರೆಸಿ, "ಏನರೆ ಮಾತಾಡ್ರಿ ಇದರಾಗ" ಎಂದಳು. ಶಾಂತಯ್ಯ ಗಂಟಲು ಸರಿ ಮಾಡಿಕೊಂಡು ಮಳೆಯ ಬಗ್ಗೆ ನಾಲ್ಕು ಮಾತಾಡಿದ. ತಿರುಗಿ ಹಚ್ಚಿದರೆ ಚನ್ನಬಸವ್ವನಿಗೆ ಅದು ಸಾಕ್ಷಾತ್ ಗಂಡನ ದನಿ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಶಾಂತಯ್ಯನ ಮುಖ ಮಾತ್ರ ಸಣ್ಣಗಾಗಿತ್ತು.

"ಇದು ಯಾವ ಮುದುಕಂದು?" ಎಂದು ಕೇಳಿದ. "ನನ್ನ ದನಿ ಹಿಂಗ ಗೊಗ್ಗರ ಎಲ್ಲೈತಿ?"

ಐಶ್ವರ್ಯಾ ಬಿದ್ದು ಬಿದ್ದು ನಕ್ಕಳು. ಚನ್ನಬಸವ್ವನೂ ನಕ್ಕಳು. ನಗುತ್ತಾ ನಗುತ್ತಾ ಒಮ್ಮೆಲೇ ನಿಂತುಬಿಟ್ಟಳು.

"ಹಂಗಾದ್ರ ಮಕ್ತುಮಿ..." ಎಂದಳು.

ನಾಚಿಕೆಯಾಯಿತು, ತನ್ನ ಮೇಲೇ ಸಿಟ್ಟು ಬಂತು, ಕಣ್ಣಲ್ಲಿ ನೀರೂ ಬಂತು. ಯಾವ ತಪ್ಪೂ ಮಾಡದ ಗೆಳತಿಯ ಲಗ್ನದ ದಿನ ಗೋಡೆಗೆ ಮುಖ ಮಾಡಿ ಮಲಗಿದ್ದಳಲ್ಲ! ಆದರೂ ಒಳಗೊಂದು ಮುಳ್ಳು ಉಳಿದೇ ಇತ್ತು. ಫೋನು ಹೇಳಿತು, ಮೊಮ್ಮಗಳು ಹೇಳಿದಳು, ಎಲುಬಿನ ಮಾತೂ ಸರಿ ಎನಿಸಿತು. ಅಷ್ಟಾದರೂ ಆ ತೆಳ್ಳಗಿನ ದನಿಯನ್ನು ತನ್ನದೆಂದು ಒಪ್ಪಲು ಮನಸ್ಸು ಬರಲಿಲ್ಲ. ಒಂದು ಯಂತ್ರವನ್ನು ನಂಬಿ ಗೆಳತಿಯನ್ನು ಕಳೆದುಕೊಂಡವಳು ಇನ್ನೊಂದು ಯಂತ್ರವನ್ನು ಹೇಗೆ ನಂಬಬೇಕು? ದಿನಾ ನಸುಕಿನಲ್ಲಿ ಎದುರು ಕೂತು ಅವಳ ದನಿ ಕೇಳಿದವಳು ಒಬ್ಬಳೇ. ಕೇಳಿದರೆ ಅವಳನ್ನೇ ಕೇಳಬೇಕು.

"ಅಕಿ ಬದುಕ್ಯಾಳೋ ಇಲ್ಲೋ" ಎಂದಳು ಚನ್ನಬಸವ್ವ.

ಮಕ್ತುಮಿಯ ಅಣ್ಣನ ಮಗ ಇಸ್ತಿಯಾಕ ಊರಲ್ಲೇ ಪಂಪ್‌ಸೆಟ್ ರಿಪೇರಿ ಮಾಡಿಕೊಂಡಿದ್ದ. ಕೇಳಿದ್ದಕ್ಕೆ, "ಅದಾಳ್ರಿ ನಮ್ಮತ್ತಿ. ಖಾಜಾಸಾಬ ಮಾಮಾ ಹೋಗಿ ಬಾಳ ದಿನಾ ಆತು. ಈಗ ಹುಬ್ಬಳ್ಳಿ ಗೋಪನಕೊಪ್ಪದಾಗ ಮಗನ ಮನ್ಯಾಗ ಇರ್ತಾಳ. ಕಣ್ಣು ಮಂಜ ಆಗ್ಯಾವು, ಕಿವಿ ಮಾತ್ರ ಚುರುಕ ಅದಾವ್ರಿ" ಎಂದ.

ಮರುದಿನವೇ ಅಜ್ಜಿ ಮೊಮ್ಮಗಳು ಹೊರಟರು. ಧಾರವಾಡದಿಂದ ಹುಬ್ಬಳ್ಳಿಗೆ ಓಡುವ ಚಿಗರಿ ಎಂಬ ಎ.ಸಿ. ಬಸ್ಸಿನ ತಣ್ಣನೆಯ ಗಾಳಿಯಲ್ಲಿ ಕೂತು ಚನ್ನಬಸವ್ವ ದಾರಿಯುದ್ದಕ್ಕೂ ಬಾಯೊಳಗೇ ಮಾತು ಜೋಡಿಸುತ್ತಿದ್ದಳು. ತಪ್ಪಾತು ಎಂದು ಮೊದಲು ಹೇಳುವುದೋ, ಲಗ್ನಕ್ಕೆ ಬರಲಿಲ್ಲ ಎಂದು ಮೊದಲು ಹೇಳುವುದೋ? ಒಳಗೇ ಕರೆಯದಿದ್ದರೆ? ನವನಗರ ದಾಟುವ ಹೊತ್ತಿಗೆ, "ತಿರುಗಿ ಹೋಗೂಣೇನ ಐಶೂ?" ಎಂದಳು. ಐಶ್ವರ್ಯಾ ಅಜ್ಜಿಯ ಕೈ ಹಿಡಿದು ಕೂಡಿಸಿಕೊಂಡಳು.

ಗೋಪನಕೊಪ್ಪದ ಆ ಮನೆಯ ಬಾಗಿಲು ತೆರೆದವಳು ಸೊಸೆ ಫಿರದೋಸ. ಒಳಗೆ ರೇಡಿಯೋ ಹಚ್ಚಿದ್ದರು. ಮಂಚದ ಮೇಲೆ ಬೆಳ್ಳಗಿನ ಮುದುಕಿಯೊಬ್ಬಳು ಅದಕ್ಕೆ ಕಿವಿ ಹಚ್ಚಿ ಕೂತಿದ್ದಳು. ಮಂಜುಗಣ್ಣನ್ನು ಬಾಗಿಲ ಕಡೆ ತಿರುಗಿಸಿ, "ಯಾರ್ರಿ ಅವರು?" ಎಂದಳು.

"ನಾನ" ಎಂದಳು ಚನ್ನಬಸವ್ವ. ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಎಲ್ಲೋ ಹೋಗಿದ್ದವು.

ಮುದುಕಿ ಕೈ ಚಾಚಿ ರೇಡಿಯೋ ಬಂದ್ ಮಾಡಿದಳು. "ಚನ್ನಿ!" ಎಂದಳು. "ಯಾ ಅಲ್ಲಾ, ಚನ್ನಿ ಅಲ್ಲೇನ ನೀ? ಬಾ, ಇಲ್ಲಿ ಕೂಡು. ಈಗರೆ ಹೇಳಿಬಿಡು. ಎಷ್ಟ ವರ್ಷ ತಲಿ ಕೆಡಿಸ್ಕೊಂಡೇನಿ. ಅವತ್ತ ರೇಡಿಯೋದಾಗ ನಿನ್ನ ಜೋಡಿ ಹಾಡಿದಾಕಿ ಯಾರು?"

ಚನ್ನಬಸವ್ವನ ಬಾಯಿ ತೆರೆದೇ ಉಳಿಯಿತು. "ನನ್ನ ಜೋಡಿ?"

"ಮತ್ತ? ಚಿಕ್ಕಮ್ಮನ ಮನ್ಯಾಗ ಕೇಳಿದೆ ನಾ. ನಿನ್ನ ದನಿ ಅಂದ್ರ ನಿನ್ನ ದನಿ, ಎದುರಿಗೆ ಕೂತಂಗ. ಆದ್ರ ನನ್ನ ಜಾಗಾದಾಗ ಯಾವಾಕಿನ್ನೋ ಕೂಡಿಸಿದ್ದಿ. ಒಡಕ ದನಿ, ಗಂಡಸರಂಗ. ಊರಿಗೆ ಬಂದು ಕೇಳೂಣಂದ್ರ ಬಾವಿ ಹಂತ್ಯಾಕ ನೀನ ನನಗ ಜೋರ ಮಾಡಿದಿ. ದರ್ಜಿ ಅಂಗಡ್ಯಾಗ ಗುಂಡಿ ಹಚ್ಚಕೋತ ದಿನಾ ರೇಡಿಯೋ ಕೇಳಿದೆ, ಅಕಿ ಮತ್ತ ಬರತಾಳೇನಂತ. ಇವತ್ತಿಗೂ ಬರಲಿಲ್ಲ ನೋಡು."

ಇಬ್ಬರೂ, ಮೂವತ್ತು ಕಿಲೋಮೀಟರ್ ಅಂತರದಲ್ಲಿ, ಒಂದೇ ಸ್ಟೇಷನ್ನು ಹಚ್ಚಿಕೊಂಡು, ಇಲ್ಲದ ಹೆಂಗಸನ್ನು ಹುಡುಕುತ್ತಾ ಮುದುಕಿಯರಾಗಿದ್ದರು! ಚನ್ನಬಸವ್ವ ಮಂಚದ ಮೇಲೆ ಕುಸಿದು ಕೂತಳು. ನಗು ಮೊದಲು ಬಂತು. ಅದರ ಹಿಂದೆಯೇ ಅಳು ಬಂತು. ಗೆಳತಿಯ ಎರಡೂ ಕೈ ಹಿಡಿದು, "ತಪ್ಪಾತ ಮಕ್ತುಮಿ. ನಿನ್ನ ಲಗ್ನಕ್ಕ ನಾ ಬರಲಿಲ್ಲ, ತಪ್ಪಾತು" ಎಂದು ಹೇಳಿದಳು. ಎಲುಬಿನ ಮಾತನ್ನು, ಬೆರಳಿಟ್ಟು ಗುನುಗುವುದನ್ನು, ಶಾಂತಯ್ಯನ ಗೊಗ್ಗರ ದನಿಯನ್ನು ಐಶ್ವರ್ಯಾ ಬಿಡಿಸಿ ಬಿಡಿಸಿ ಹೇಳಿದಳು. ಮಕ್ತುಮಬಿ ಎಲ್ಲವನ್ನೂ ಕೇಳಿಸಿಕೊಂಡು, "ಮಾತೇನೋ ಛಲೋ ಐತಿ. ಆದ್ರ ಆ ಒಡಕ ದನಿ ನಂದಲ್ಲ ತಗೀ" ಎಂದಳು.

ಆಗ ಫೋನು ನಡುವೆ ಬಂತು. ಹಾಡಿರಿ ಎಂದಾಗ ಮಕ್ತುಮಬಿ ನಾಚಿದಳು, ಫಿರದೋಸ ಒತ್ತಾಯ ಮಾಡಿದಳು. ಚನ್ನಬಸವ್ವ ಪದ ಎತ್ತಿದಳು. ಉಸಿರು ಸಾಲದೆ ನಡುವೆ ನಿಂತರೆ ಮಕ್ತುಮಬಿ ಹಿಡಿದುಕೊಂಡಳು, ಅವಳಿಗೆ ಕೆಮ್ಮು ಬಂದರೆ ಇವಳು ಮುಂದುವರಿಸಿದಳು. ಮುಗಿದ ಮೇಲೆ ಐಶ್ವರ್ಯಾ ತಿರುಗಿ ಹಚ್ಚಿದಳು. ಇಬ್ಬರೂ ತಲೆ ಬಾಗಿಸಿ ಕೇಳಿದರು.

"ಇದ ನೋಡು ಅಕಿ ಒಡಕ ದನಿ!" ಎಂದಳು ಮಕ್ತುಮಬಿ. "ಇದು ನಾನೇನ?"

"ನೀನ" ಎಂದಳು ಚನ್ನಬಸವ್ವ. "ಶಿವನಾಣಿ. ಒಡಕಿಲ್ಲ ಏನಿಲ್ಲ. ನಿಂದು ಯಾವಾಗಲೂ ಹಿಂಗ ಐತಿ. ಇದನ್ನ ಕೇಳಿದ್ರ ನನಗ ಕೈ ತಾನ ಹಗರ ಆಕ್ಕಿತ್ತು."

"ನೀ ಹೇಳತಿ ಅಂದ್ರ ಆತು" ಎಂದಳು ಮಕ್ತುಮಬಿ.

ಚನ್ನಬಸವ್ವ ಕೇಳಲೆಂದೇ ಇಷ್ಟು ದೂರ ಬಂದಿದ್ದಳು. ಈಗ ಕೇಳಲು ಅಂಜಿಕೆ. "ಮತ್ತ ನಂದು?" ಎಂದಳು ಮೆಲ್ಲಗೆ. "ಆ ಇನ್ನೊಂದು, ತೆಳ್ಳಂದು, ಮೂಗಿನ್ಯಾಗಿಂದು?"

"ಹುಚ್ಚಿ" ಎಂದಳು ಮಕ್ತುಮಬಿ. "ನಿನ್ನ ಮಾರಿ ನನಗ ಈಗನೂ ಕಾಣವಲ್ದು. ಬಾಗಲದಾಗ ನಿಂತು 'ನಾನ' ಅಂದಿ, ಅದ ದನಿ. ಅದನ್ನ ಹಿಡದ ಚನ್ನಿ ಅಂತ ಕರದೆ ನಾ."

ಐಶ್ವರ್ಯಾ ಫೋನು ತೆಗೆದಿಡಲು ಹೋದಳು. ಚನ್ನಬಸವ್ವ ಅವಳ ಕೈ ತಡೆದಳು. "ಇನ್ನೊಮ್ಮೆ ಹಚ್ಚ ಯವ್ವಾ," ಎಂದಳು, "ನನ್ನ ದನಿ ಕೇಳತೇನಿ."